ಫೋನಿಗೆ ಕನ್ನಡ ಕಲಿಸಿದ್ದು

ಹಳೆಯ ಫೋನು ಈ ಸಲದ ಆಟಿ ಮಳೆಗೆ ನೀರು ಕುಡಿದು ಸತ್ತುಹೋಯಿತು. ಕೊಡೆ ಹಿಡಿದದ್ದು ತಲೆಗೆ, ಫೋನಿದ್ದದ್ದು ಅಂಗಿ ಜೇಬಿನಲ್ಲಿ. ಅಕ್ಕಿ ಡಬ್ಬದಲ್ಲಿ ಎರಡು ದಿನ ಹೂತಿಟ್ಟು ನೋಡಿದೆ, ಏಳಲಿಲ್ಲ. ಮಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಶನಿವಾರ ಬರುವಾಗ ಹೊಸತೊಂದನ್ನು ಹಿಡಿದುಕೊಂಡೇ ಬಂದಳು. "ಅಪ್ಪಾ, ಇದರಲ್ಲಿ ಎಲ್ಲಾ ಉಂಟು" ಎಂದಳು. ಎಲ್ಲಾ ಇತ್ತು ಮಾರಾಯರೇ, ಕನ್ನಡ ಒಂದು ಬಿಟ್ಟು!

ಹಾಗೆಂದರೆ ತಪ್ಪಾದೀತು. ಕನ್ನಡ ಇತ್ತು, ಎಲ್ಲೋ ಒಳಗೆ. ಆಂಡ್ರಾಯ್ಡ್‌ನಲ್ಲಿ 2014ರ ಲಾಲಿಪಾಪ್ ಆವೃತ್ತಿಯಿಂದಲೇ ಕನ್ನಡ ಉಂಟು. ಆದರೆ ಪೆಟ್ಟಿಗೆ ಬಿಡಿಸುವಾಗ ಮಾತಾಡಿದ್ದು ಇಂಗ್ಲಿಷು. ಸಿಮ್ ಹಾಕಿದ ಮೇಲೆ ಬಂದ ಮೊದಲ ಮೆಸೇಜು ಮಲಯಾಳ. ಸುದ್ದಿ ಮಲಯಾಳ, ಜಾಹೀರಾತು ಮಲಯಾಳ. ಪಾಪ, ಅದರ ತಪ್ಪಲ್ಲ. ಕಾಸರಗೋಡಿನಲ್ಲಿ ಕೂತಿದ್ದಾನೆ, ಮಲಯಾಳಿಯೇ ಇರಬೇಕು ಎಂದುಕೊಂಡಿತು. 1956ರ ನವೆಂಬರ್ 1ರಿಂದ ನಮ್ಮನ್ನು ಎಷ್ಟೋ ಜನ ಹಾಗೇ ತಿಳಿದುಕೊಂಡದ್ದಲ್ಲವೇ!

ಮಲಯಾಳದ ಮೇಲೆ ನನಗೇನೂ ಸಿಟ್ಟಿಲ್ಲ. ಮನೆಯೊಳಗೆ ಕನ್ನಡ, ಅಂಗಳದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕಾಗದಪತ್ರಕ್ಕೆ ಇಂಗ್ಲಿಷು. ಹೀಗೆಯೇ ನಾವು ಬದುಕಿದ್ದು. ಆದರೆ ದಿನಕ್ಕೆ ನೂರು ಸಲ ಮುಖ ನೋಡುವ ವಸ್ತುವಾದರೂ ನಮ್ಮ ಅಕ್ಷರ ತೋರಿಸಲಿ ಎಂಬ ಆಸೆ. ಆ ರಾತ್ರಿಯೇ ಸೆಟ್ಟಿಂಗ್ಸಿಗೆ ಹೊಕ್ಕು ಭಾಷೆ ಬದಲಿಸಿದೆ.

ಬೆಳಿಗ್ಗೆ ಐದೂವರೆಗೆ ಅಲಾರಾಂ ಹೊಡೆಯಿತು. ನಿಲ್ಲಿಸಲು ನೋಡಿದರೆ ಅಲ್ಲಿ ಬರೆದದ್ದು "ವಜಾಗೊಳಿಸಿ"! ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಆ ಶಬ್ದ ಕಂಡು ಎದೆ ಧಸಕ್ಕೆಂದದ್ದು ಅದೇ ಮೊದಲು. ನೋಟಿಫಿಕೇಶನ್ನಿಗೆ "ಅಧಿಸೂಚನೆ" ಅಂತೆ. ಭಾವನ ಗುಡ್ ಮಾರ್ನಿಂಗ್ ಚಿತ್ರ ಬಂದರೂ ಅಧಿಸೂಚನೆ, ಹಾಲಿನ ಸೊಸೈಟಿಯ ಲೆಕ್ಕ ಬಂದರೂ ಅಧಿಸೂಚನೆ! ಮಗಳು ನನ್ನ ಫೋನು ಹಿಡಿದು, "ಇದರಲ್ಲಿ ಯಾವುದು ಎಲ್ಲಿ ಉಂಟೂಂತಲೇ ಗೊತ್ತಾಗುದಿಲ್ಲ ಅಪ್ಪಾ" ಎಂದು ವಾಪಸು ಕೊಟ್ಟಳು. ನಾನು ಬಿಡಲಿಲ್ಲ. ವಾರದೊಳಗೆ ಕಣ್ಣಿಗೆ ಅಭ್ಯಾಸವಾಯಿತು.

ನಿಜವಾದ ಕಷ್ಟ ಬಂದದ್ದು ಮಾತಾಡಿ ಬರೆಸುವಾಗ. ನಮ್ಮಲ್ಲಿ ಜೋರು ಮಳೆ ಬಂದರೆ ಕಲೆಕ್ಟರು ರಜೆ ಕೊಡುತ್ತಾರೋ ಇಲ್ಲವೋ ಎಂದು ರಾತ್ರಿಯೆಲ್ಲ ಎಲ್ಲರ ಕಣ್ಣು ಫೋನಿನ ಮೇಲೆ. ಅಂದು ರಜೆ ಇರಲಿಲ್ಲ. ತರಗತಿಯ ಗುಂಪಿಗೆ ತಿಳಿಸೋಣವೆಂದು ಮೈಕಿನ ಗುರುತು ಒತ್ತಿ "ನಾಳೆ ಶಾಲೆ ಉಂಟು" ಎಂದೆ. ಕನ್ನಡಕ ಇರಲಿಲ್ಲ, ನೋಡದೆ ಕಳಿಸಿಬಿಟ್ಟೆ. ಹೋದದ್ದು: "ನಾಳೆ ಶಾಲೆ ಒಂಟೆ"! ಮರುದಿನ ಮಕ್ಕಳೆಲ್ಲ ಬಂದಿದ್ದರು. ಒಬ್ಬ ಹುಡುಗ ಮಾತ್ರ, "ಮಾಷೇ, ಒಂಟೆ ಎಲ್ಲಿ?" ಎಂದು ಕೇಳಿದ.

ಆಮೇಲೆ ಯೋಚಿಸಿದೆ. ಒಂದನೇ ಕ್ಲಾಸಿಗೆ ಬರುವ ಮಗುವಿಗೆ ನಮ್ಮ ಪಾಠದ ಭಾಷೆ ಬರುತ್ತದೆಯೇ? ಒಂದು ಮನೆಯಲ್ಲಿ ತುಳು, ಒಂದು ಮನೆಯಲ್ಲಿ ಮರಾಠಿ, ಒಂದು ಮನೆಯಲ್ಲಿ ಹವ್ಯಕ, ಒಂದು ಮನೆಯಲ್ಲಿ ಕೊಂಕಣಿ. ನಾವು ಬಯ್ಯುವುದಿಲ್ಲ, ಕಲಿಸುತ್ತೇವೆ. ಇದಕ್ಕೂ ಹಾಗೇ ಕಲಿಸಿದರಾಯಿತು. ಕೀಬೋರ್ಡಿನ ಸೆಟ್ಟಿಂಗ್ಸಿನೊಳಗೆ ಸ್ವಂತ ನಿಘಂಟು ಅಂತ ಒಂದಿದೆ. ಅದರಲ್ಲಿ ನಮ್ಮ ಶಬ್ದ ಸೇರಿಸಿದರೆ ಬೆರಳಲ್ಲಿ ಒತ್ತುವಾಗ ಅದನ್ನು ತಪ್ಪೆಂದು ತಿದ್ದುವುದಿಲ್ಲ, ತಾನಾಗಿ ಮುಂದೆ ತಂದು ಕೊಡುತ್ತದೆ. ದಿನಕ್ಕೆ ಐದು ಶಬ್ದದಂತೆ ಕೊಟ್ಟೆ. ಉಂಟು, ತೋಡು, ಕಾಲುಸಂಕ, ಸೋಗೆ. ಆಮೇಲೆ ಮಕ್ಕಳ ಹೆಸರು. ಆಮೇಲೆ ಊರಿನ ಹೆಸರು. ಮಂಜೇಶ್ವರವು ಮಂಜೇಶ್ವರಂ ಆಗಬಾರದು, ಮಧೂರು ಮಧೂರ್ ಆಗಬಾರದು. ಬಸ್ಸಿನ ಬೋರ್ಡು ತಿದ್ದುವುದು ನನ್ನ ಕೈಯಲ್ಲಿಲ್ಲ. ಜೇಬಿನ ಬೋರ್ಡು ಉಂಟಲ್ಲ!

ರಿಂಗ್‌ಟೋನಿಗೆ ಚೆಂಡೆ ಹಾಕಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಅದಕ್ಕಿಂತ ಬೇರೆ ಏನು ಬೇಕು? ಸ್ಟಾಫ್ ಮೀಟಿಂಗಿನ ನಡುವೆ ಒಮ್ಮೆ ರಾಕ್ಷಸನ ಪ್ರವೇಶವೇ ಆಯಿತು. ಹೆಡ್ ಮಾಷ್ಟ್ರು ನನ್ನ ಮುಖ ನೋಡಿದರು. ಈಗ ಶಾಲೆಯಲ್ಲಿ ವೈಬ್ರೇಶನ್ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ನಂಬರುಗಳ ಹೆಸರು ಬದಲಿಸಲಿಕ್ಕೆ. ಇಂಗ್ಲಿಷಿನಲ್ಲಿದ್ದ ಮುನ್ನೂರು ಚಿಲ್ಲರೆ ಹೆಸರನ್ನು ಕೂತು ಒಂದೊಂದಾಗಿ ಕನ್ನಡ ಮಾಡಿದೆ. ಹೆತ್ತವರ ಹೆಸರಿಗಿಂತ ಮಗುವಿನ ಕ್ಲಾಸು, ಮನೆಯ ಗುರುತು ಬರೆದೆ. ಅಮ್ಮನಿಗೆ ಕಾಣಲಿ ಎಂದು ಅಕ್ಷರ ದೊಡ್ಡದು ಮಾಡಿದೆ. ಮೊದಲ ಪರದೆಯಲ್ಲಿ ಒತ್ತಿದರೆ ಸೀದಾ ಕಾಲ್ ಹೋಗುವಂತೆ ನಾಲ್ಕು ಹೆಸರು ಇಟ್ಟೆ: ಮೊಮ್ಮಗಳು, ಡಾಕ್ಟ್ರು, ಆಚೆಮನೆ, ಆಟೋ.

ಅಮ್ಮನಿಗೆ ಈಗ 82. ಅವರು ಐದನೇ ಕ್ಲಾಸು ಮುಗಿಸಿದ್ದು ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ. ಕನ್ನಡ ಮಾತ್ರ ಓದಲಿಕ್ಕೆ ಬರುವುದು. ಆಮೇಲೆ ಬಂದ ಬಸ್ಸಿನ ಬೋರ್ಡು, ಪೆನ್ಶನ್ ಕಾಗದ, ಮದ್ದಿನ ಚೀಟಿ ಯಾವುದೂ ಅವರಿಗೆ ಅಕ್ಷರವಲ್ಲ, ಬರೇ ಗೀಟು. ಹಳೆ ಫೋನು ಹೊಡೆದುಕೊಂಡರೆ, "ಯಾರದ್ದೋ ಬರ್ತಾ ಉಂಟು" ಎಂದು ಕೂಗುತ್ತಿದ್ದರು, ಮುಟ್ಟುತ್ತಿರಲಿಲ್ಲ.

ಆಗಸ್ಟಿನ ಒಂದು ಸಂಜೆ ಫೋನು ಚಾರ್ಜಿಗಿಟ್ಟು ಸೊಸೈಟಿಗೆ ಹಾಲು ಕೊಡಲು ಹೋಗಿದ್ದೆ. ಮಳೆಗೆ ಅಲ್ಲೇ ಒಂದು ಗಂಟೆ ನಿಂತೆ. ಹಿಂದೆ ಬರುವಾಗ ಅಮ್ಮ ಜಗಲಿಯಲ್ಲಿ ಫೋನು ಮಡಿಲಲ್ಲಿಟ್ಟು ಕೂತಿದ್ದಾರೆ. ಕಾಲ್ ಬಂದಿತ್ತಂತೆ. ಪರದೆಯಲ್ಲಿ "4ನೇ ಕ್ಲಾಸು, ಸಂಕದಾಚೆ ಮನೆ". ಓದಿ ಎತ್ತಿದರಂತೆ. ಆಚೆಯಿಂದ ಹುಡುಗಿಯ ತಾಯಿ ಅಳುತ್ತಾ, "ಮಗು ಇನ್ನೂ ಮನೆ ಮುಟ್ಟಲಿಲ್ಲ, ತೋಡು ತುಂಬಿದೆ." ಅಮ್ಮ ಧೈರ್ಯ ಹೇಳಿ ಇಟ್ಟು, "ಆಟೋ" ಎಂದು ಓದಿ ಒತ್ತಿದ್ದಾರೆ. ಆಟೋದವ ಮಕ್ಕಳನ್ನು ದಿನಾ ಸಂಕದ ಬಳಿ ಇಳಿಸುವವನು. ಕೂಡಲೇ ತಿರುಗಿ ಹೋಗಿ ನೋಡಿದ. ಸಂಕದ ಮೇಲೆ ನೀರು ಬಂದದ್ದು ಕಂಡು ಹುಡುಗಿ ದಾಟದೆ ಈಚೆ ಬದಿಯ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು! ಅವಳ ತಾಯಿಗೆ ಅವನೇ ಫೋನು ಮಾಡಿ ಹೇಳಿದನಂತೆ. ನಾನು ಮನೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ನನ್ನ ಕೈಕಾಲು ನಡುಗಿತು. ಅಮ್ಮ ಮಾತ್ರ ತಣ್ಣಗೆ, "ಓದ್ಲಿಕ್ಕೆ ಆಯ್ತಲ್ಲ, ಹಾಗೆ ಎತ್ತಿದೆ" ಎಂದರು.

ಫೋನಿಗೆ ಬೀಗ ಹಾಕದೆ ಇಟ್ಟದ್ದಕ್ಕೆ ಮಗಳಿಂದ ಬೈಸಿಕೊಂಡೆ, ಅದು ಬೇರೆ. ಈಗ ಬೆರಳಿಟ್ಟರೆ ತೆರೆಯುವ ಬೀಗ ಹಾಕಿದ್ದೇನೆ. ಒಂದು ಬೆರಳು ನನ್ನದು, ಒಂದು ಅಮ್ಮನದು. ಮುಂದಿನ ರಕ್ಷಕರ ಸಭೆಯಲ್ಲಿ ಎಲ್ಲರ ಫೋನಿಗೂ ಕನ್ನಡ ಹಾಕಿಕೊಡುವುದೆಂದು ನಿರ್ಧರಿಸಿದ್ದೇನೆ. ನನ್ನ ಕ್ಲಾಸಿನಲ್ಲಿ ಇರುವುದು 11 ಮಕ್ಕಳು, ಹೆಚ್ಚು ಹೊತ್ತು ಹಿಡಿಯಲಿಕ್ಕಿಲ್ಲ.

ನಿಮ್ಮ ಮನೆಯಲ್ಲೂ ಕನ್ನಡ ಮಾತ್ರ ಓದಬಲ್ಲ ಹಿರಿಯರಿದ್ದರೆ, ನಿಮ್ಮ ಹೆಸರು ಅವರ ಫೋನಿನಲ್ಲಿ ಯಾವ ಅಕ್ಷರದಲ್ಲಿ ಉಂಟೂಂತ ಒಮ್ಮೆ ನೋಡಿ. ಇಂದೇ ನೋಡಿ.