ಅಟ್ಟದ ಇಲಿ, ತಟ್ಟೆಯ ಕಿತ್ತಳೆ

ನಮ್ಮಜ್ಜಿಯ ಮನೆಯ ಅಟ್ಟದಲ್ಲಿ ಇಲ್ಲದ ಸಾಮಾನಿರಲಿಲ್ಲ. ಮುರಿದ ತೊಟ್ಟಿಲು, ತಳ ಸೋರುವ ಹಂಡೆ, ಹಳೆಯ ಗೋಣಿಚೀಲಗಳ ರಾಶಿ. ನಾನು ಕಂಡಷ್ಟು ವರ್ಷವೂ ಬೆಕ್ಕುಗಳು ಅಲ್ಲಿ ಇಲಿ ಹಿಡಿಯುತ್ತಲೇ ಇದ್ದವು. ಇಲಿಗಳೂ ಮುಗಿಯಲಿಲ್ಲ, ಬೆಕ್ಕುಗಳೂ ಮುಗಿಯಲಿಲ್ಲ. "ಅಟ್ಟ ಇರೋವರೆಗೂ ಇಲಿ ಇರ್ತವೆ ಮಗಾ" ಎನ್ನುತ್ತಿದ್ದಳು ಅಜ್ಜಿ. ಆದರೆ ಆ ಬೆಕ್ಕುಗಳಿಗೆ ಅಜ್ಜಿಯ ಹಾಲನ್ನವೂ ಸಿಗುತ್ತಿತ್ತಲ್ಲ! ಬರೀ ಬೇಟೆಯನ್ನೇ ನಂಬಿದ ಪ್ರಾಣಿಯ ಗತಿಯೇನು?

ಮಾಸ್ಕೋದ ಜಾರ್ಜಿ ಗೌಸೆ 1930ರ ದಶಕದಲ್ಲಿ ಇದನ್ನು ಗಾಜಿನ ನಳಿಕೆಯಲ್ಲಿ ನೋಡಿದರು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ, ಅದನ್ನು ನುಂಗುವ ಡಿಡಿನಿಯಂ, ಇವೆರಡನ್ನೂ ತಿಳಿನೀರಿಗೆ ಬಿಟ್ಟರು. ಡಿಡಿನಿಯಂ ಕಂಡದ್ದನ್ನೆಲ್ಲ ತಿಂದಿತು, ಆಮೇಲೆ ಹಸಿದು ತಾನೂ ಸತ್ತಿತು. ಇನ್ನೊಂದು ನಳಿಕೆಯ ತಳದಲ್ಲಿ ಗಷ್ಟು ಉಳಿಸಿದ್ದರು. ಪ್ಯಾರಮೀಸಿಯಂಗಳು ಅದರೊಳಗೆ ಅಡಗಿದವು, ಡಿಡಿನಿಯಂ ಮೇಲಿನ ನೀರನ್ನು ಬರಿದು ಮಾಡಿ ಉಪವಾಸ ಬಿದ್ದಿತು. ಅದು ಸತ್ತ ಮೇಲೆ ಅಡಗಿದ್ದವು ಹೊರಬಂದು ನಳಿಕೆ ತುಂಬಿದವು. ನನ್ನನ್ನು ಬಹಳ ಕಾಡಿದ್ದು ಈ ಎರಡನೆಯ ನಳಿಕೆ. ಅವಿತುಕೊಳ್ಳಲು ಜಾಗವಿದ್ದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ ನಾನು. ಬೇಟೆಗಾರ ಕಾಲಿಡಲಾಗದಂಥ ಅಡಗುದಾಣವಾದರೆ ಬೇಟೆಗಾರನೇ ಇಲ್ಲವಾಗುತ್ತಾನೆ.

ಹೊರಗಿನಿಂದ ಆಗಾಗ ಹೊಸ ಜೀವಿಗಳನ್ನು ತಂದು ಬಿಡದೆ ಬೇಟೆ, ಬೇಟೆಗಾರ ಎರಡೂ ಒಟ್ಟಿಗೆ ಬಾಳಬಲ್ಲವೇ? ಕ್ಯಾಲಿಫೋರ್ನಿಯಾದ ಕಾರ್ಲ್ ಹಫೇಕರ್ ಈ ಪ್ರಶ್ನೆಗೆ ಹಿಡಿದದ್ದು ಕಿತ್ತಳೆ ಹಣ್ಣನ್ನು. ಸಿಪ್ಪೆಯ ರಸ ಹೀರುವ ನುಸಿ ಒಂದು, ಆ ನುಸಿಯನ್ನೇ ತಿನ್ನುವ ನುಸಿ ಇನ್ನೊಂದು. ತಟ್ಟೆಯಲ್ಲಿ ಕಿತ್ತಳೆಗಳು, ನಡುನಡುವೆ ಅಷ್ಟೇ ಗಾತ್ರದ ರಬ್ಬರ್ ಚೆಂಡುಗಳು. ಹಣ್ಣಿಗೆ ಕಾಗದ ಸುತ್ತಿ, ಒಂದಿಷ್ಟು ಸಿಪ್ಪೆ ಮಾತ್ರ ತೆರೆದಿಟ್ಟಿದ್ದರು. ಮೊದಮೊದಲು ಗೌಸೆಯ ಕತೆಯೇ ಮರುಕಳಿಸಿತು. ಹಣ್ಣುಗಳನ್ನು ದೂರ ದೂರ ಹರಡಿದರೂ ಬೇಟೆಗಾರ ನುಸಿ ತಡವಾಗಿಯಾದರೂ ತಲುಪಿ ಮುಗಿಸಿಬಿಡುತ್ತಿತ್ತು.

ಆಮೇಲೆ ಅವರು ಮಾಡಿದ್ದು ನೋಡಿ. ದಾರಿಯಲ್ಲಿ ವ್ಯಾಸಲೀನ್ ಬಳಿದು ಗೋಡೆಗಳನ್ನೆಬ್ಬಿಸಿದರು, ನಡೆದೇ ಹೋಗಬೇಕಾದ ಬೇಟೆಗಾರನಿಗೆ ಅದು ದೊಡ್ಡ ಅಡ್ಡಿ. ಅಲ್ಲಲ್ಲಿ ಸಣ್ಣ ಮರದ ಕಡ್ಡಿ ನೆಟ್ಟು, ಫ್ಯಾನ್ ಇಟ್ಟು ಮೆಲ್ಲಗೆ ಗಾಳಿ ಬಿಟ್ಟರು. ರಸ ಹೀರುವ ನುಸಿ ಕಡ್ಡಿಯ ತುದಿಗೇರಿ, ಎಳೆಯೊಂದನ್ನು ಬಿಟ್ಟು, ಗಾಳಿಗೆ ತೇಲಿ ಮತ್ತೊಂದು ಹಣ್ಣಿಗೆ ಇಳಿಯುತ್ತಿತ್ತು. 252 ಕಿತ್ತಳೆಗಳ ಆ ಪುಟ್ಟ ಲೋಕದಲ್ಲಿ ಎರಡೂ ನುಸಿಗಳ ಸಂಖ್ಯೆ ಮೂರು ಸುತ್ತು ಏರಿ ಇಳಿಯಿತು. ಒಂದು ಹಣ್ಣಿನ ಮೇಲೆ ಸರ್ವನಾಶವಾಗುತ್ತಿದ್ದ ಹೊತ್ತಿಗೆ ಎಲ್ಲೋ ಇನ್ನೊಂದರ ಮೇಲೆ ಹೊಸ ಸಂಸಾರ ಹೂಡಿಯಾಗಿರುತ್ತಿತ್ತು. 1958ರಲ್ಲಿ ಅಚ್ಚಾದ ಈ ಪ್ರಯೋಗ ಓದಿದಾಗ ನನಗೆ ಅಟ್ಟ ನೆನಪಾಯಿತು. ಹಂಡೆಯಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಚೀಲದ ರಾಶಿಗೆ ಇಲಿ ಒಂದು ಹೆಜ್ಜೆ ಮುಂದೆ, ಬೆಕ್ಕು ಒಂದು ಹೆಜ್ಜೆ ಹಿಂದೆ. ಆ ಒಂದು ಹೆಜ್ಜೆಯಲ್ಲೇ ಇಬ್ಬರ ಬಾಳೂ ಇದೆ. ಎರಡು ಹೆಜ್ಜೆ ಹಿಂದೆ ಬಿದ್ದರೆ ಬೆಕ್ಕಿಗೆ ಕಷ್ಟ, ಜೊತೆಜೊತೆಗೇ ಬಂದರೆ ಇಲಿಗೆ.

ಗದ್ದೆಯ ಬದುವನ್ನು ಕನ್ನಡಿಯಂತೆ ಹೆರೆದು ಇಡುವುದನ್ನು ಕಂಡರೆ ಈಗ ನನಗೆ ಸಂಕಟವಾಗುತ್ತದೆ. ಜೇಡಗಳಿಗೆ ಇರಲು ಜಾಗವಾಗಲಿ ಎಂದು ಭತ್ತದ ಗದ್ದೆಯಲ್ಲಿ ಹುಲ್ಲಿನ ಕಟ್ಟು ಇಡಿ ಎಂದು ಕೃಷಿ ತಜ್ಞರೇ ಹೇಳುತ್ತಾರೆ. ಜಿಗಿಹುಳು ತಿನ್ನುವ ಜೇಡಕ್ಕೂ ಒಂದು ಅಟ್ಟ ಬೇಕು.

ಮೊನ್ನೆ ಹಿತ್ತಲಿನ ಬೆಂಡೆ ಎಲೆಯ ಮೇಲೆ ಬೆಳ್ಳಗೆ ಚುಕ್ಕಿ ಬಿದ್ದಿತ್ತು. ಮಗ ಔಷಧಿ ಹೊಡೆಯೋಣವೆಂದ. ಎಲೆ ಮಗುಚಿ ಭೂತಗನ್ನಡಿ ಹಿಡಿದೆ. ನವಿರಾದ ಎಳೆಗಳ ಬಲೆ, ಅದರಲ್ಲಿ ಕದಲದೆ ಕೂತ ನುಸಿಗಳು. ಅವುಗಳ ನಡುವೆ ಇನ್ನೊಂದು ನುಸಿ, ಎಳೆಗಳನ್ನು ತಡವುತ್ತಾ ಸರಸರನೆ ಓಡುತ್ತಿತ್ತು. "ಇದು ಯಾರಪ್ಪ?" ಎಂದ ಮಗ. ಭೂತಗನ್ನಡಿ ಅವನ ಕೈಗೆ ಕೊಟ್ಟೆ. ಔಷಧಿಯ ಡಬ್ಬಿ ಇನ್ನೂ ಮುಚ್ಚಳ ತೆರೆಯದೆ ಕಟ್ಟೆಯ ಮೇಲೇ ಇದೆ.