ರಾಯಭಾರಿಯ ಸ್ವಂತ ಕಾಗದ

ಮೆಕಿಯಾವೆಲ್ಲಿ ಎಂದೊಡನೆ ನಮ್ಮಲ್ಲಿ ಕೌಟಿಲ್ಯನ ನೆನಪು ಬರುತ್ತದೆ. ಹಿಂದೆಯೇ ಕುಟಿಲ ರಾಜನೀತಿಯ ಮಾತೂ ಬರುತ್ತದೆ. ನನಗಾದರೋ, ಕೆಲಸ ಕಳೆದುಕೊಂಡು ಹಳ್ಳಿಯಲ್ಲಿ ಕುಳಿತು ಗೆಳೆಯನಿಗೆ ಕಾಗದ ಬರೆಯುತ್ತಿರುವ ಮನುಷ್ಯನೊಬ್ಬ ಕಣ್ಣಿಗೆ ಕಟ್ಟುತ್ತಾನೆ.

ಆ ಗೆಳೆಯ ಫ್ರಾಂಚೆಸ್ಕೊ ವೆಟ್ಟೊರಿ. ಇಬ್ಬರೂ ಫ್ಲಾರೆನ್ಸ್ ನಗರದವರು. ವೆಟ್ಟೊರಿ ದೊಡ್ಡ ಮನೆತನದವನು. ಮೆಕಿಯಾವೆಲ್ಲಿ ಗಣರಾಜ್ಯದ ಕಾರ್ಯದರ್ಶಿ. ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯ ಬಳಿಗೆ ಹೋದ ದೌತ್ಯದಲ್ಲಿ 1508ರಲ್ಲಿ ತಿಂಗಳುಗಟ್ಟಲೆ ಜೊತೆಗಿದ್ದವರು. 1512ರಲ್ಲಿ ಮೆದಿಚಿ ಮನೆತನ ಮತ್ತೆ ಅಧಿಕಾರಕ್ಕೆ ಬಂದಿತು. ಮೆಕಿಯಾವೆಲ್ಲಿಯ ಕೆಲಸ ಹೋಯಿತು. ಮರುವರ್ಷ ಒಳಸಂಚಿನ ಗುಮಾನಿಯ ಮೇಲೆ ಸೆರೆಗೆ ಬಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲೆತ್ತಿ ಕೆಡಹುವ ಹಿಂಸೆಯನ್ನೂ ಉಂಡ. 1513ರ ಮಾರ್ಚ್ ತಿಂಗಳಲ್ಲಿ ಮೆದಿಚಿಯೊಬ್ಬನೇ ಹತ್ತನೆಯ ಲಿಯೋ ಎಂಬ ಹೆಸರಿನಿಂದ ಪೋಪ್ ಆದಾಗ ಬಿಡುಗಡೆಯಾಯಿತು. ಆಗ ವೆಟ್ಟೊರಿ ರೋಮಿನಲ್ಲಿ ಫ್ಲಾರೆನ್ಸಿನ ರಾಯಭಾರಿ. ಒಬ್ಬನು ಪೋಪನ ಆಸ್ಥಾನದಲ್ಲಿ, ಇನ್ನೊಬ್ಬನು ಸಾಂತ್ ಆಂದ್ರೇಯಾ ಎಂಬ ಹಳ್ಳಿಯ ತೋಟದ ಮನೆಯಲ್ಲಿ. ನಡುವೆ ಓಡಾಡಿದವು ಈ ಕಾಗದಗಳು.

ಆ ವರ್ಷದ ನವೆಂಬರ್ 23ರಂದು ವೆಟ್ಟೊರಿ ತನ್ನ ದಿನಚರಿಯನ್ನು ಬರೆದು ಕಳುಹಿಸಿದ. ನಿಧಾನವಾಗಿ ಏಳುವುದು, ಅರಮನೆಗೆ ಹೋಗುವುದು. ಎಂದಾದರೊಮ್ಮೆ ಪೋಪನೊಡನೆ ಇಪ್ಪತ್ತು ಮಾತು, ಕಾರ್ಡಿನಲ್ ಮೆದಿಚಿಯೊಡನೆ ಹತ್ತು, ಜೂಲಿಯಾನೊ ಮೆದಿಚಿಯೊಡನೆ ಆರು. ನಾಲ್ಕು ದಿನಕ್ಕೊಮ್ಮೆ ಊರಿನ ಹತ್ತು ಮಂದಿಯ ಸಮಿತಿಗೆ ಏನೋ ಹಳಸಲು ಸುದ್ದಿ ಬರೆಯುವುದು. ರಾತ್ರಿ ಲಿವಿ, ಟ್ಯಾಸಿಟಸ್ ಮೊದಲಾದವರ ರೋಮನ್ ಇತಿಹಾಸ ಓದುವುದು. ಒಂಬತ್ತು ಮಂದಿ ಆಳುಗಳು, ಏಳು ಕುದುರೆಗಳು. ಬಂದ ಸಂಬಳವೆಲ್ಲ ಅದಕ್ಕೇ ಸರಿ! ಸಮಿತಿಗೆ ಹೋಗುವ ವರದಿಯಲ್ಲಿ ಯಾವ ರಾಯಭಾರಿ ಹೀಗೆಲ್ಲ ಬರೆದಾನು?

ಡಿಸೆಂಬರ್ 10ರಂದು ಮೆಕಿಯಾವೆಲ್ಲಿ ಉತ್ತರ ಬರೆದ. ಅವನ ದಿನಚರಿಯೂ ವೈಭವದ್ದೇನಲ್ಲ. ತೋಪಿನಲ್ಲಿ ಮರ ಕಡಿಸುವುದು, ಸೌದೆ ಕೊಂಡವರೊಡನೆ ಜಗಳ. ಕಂಕುಳಲ್ಲಿ ದಾಂತೆಯನ್ನೋ ಪೆಟ್ರಾರ್ಕನನ್ನೋ ಇಟ್ಟುಕೊಂಡು ಊಟೆಯ ಬಳಿ ಓದು. ಮಧ್ಯಾಹ್ನ ದಾರಿಬದಿಯ ಪಾನಗೃಹದಲ್ಲಿ ಕಸಾಯಿ, ಹಿಟ್ಟಿನ ಗಿರಣಿಯವನು, ಇಟ್ಟಿಗೆ ಗೂಡಿನ ಇಬ್ಬರು, ಇವರೊಡನೆ ಜೂಜು. ಬಿಡಿಕಾಸಿಗಾಗಿ ಎದ್ದ ಕೂಗಾಟ ಪಕ್ಕದ ಊರಿಗೂ ಕೇಳಿಸುತ್ತಿತ್ತಂತೆ. ಸಂಜೆ ಮನೆಗೆ ಬಂದು, ಕೆಸರಿನ ಬಟ್ಟೆ ಕಳಚಿ, ಆಸ್ಥಾನದ ಉಡುಪು ತೊಟ್ಟು ಓದುವ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಪ್ರಾಚೀನರೊಡನೆ ನಾಲ್ಕು ಗಂಟೆಗಳ ಸಲ್ಲಾಪ. ಬಡತನದ ನೆನಪಿಲ್ಲ, ಸಾವಿನ ಭಯವಿಲ್ಲ. ಆ ಸಲ್ಲಾಪದಿಂದಲೇ ರಾಜ್ಯಾಧಿಕಾರವನ್ನು ಕುರಿತು ಸಣ್ಣ ಪುಸ್ತಕವೊಂದನ್ನು ಬರೆದಿರುವೆನೆಂದು ತಿಳಿಸುತ್ತಾನೆ. ಅದೇ ‘ಪ್ರಿನ್ಸ್’.

ಕಾಗದದ ಕೊನೆಯಲ್ಲಿರುವುದು ಅಹವಾಲು. ಈ ಪುಸ್ತಕವನ್ನು ಜೂಲಿಯಾನೊಗೆ ಒಪ್ಪಿಸಲೇ? ಕಲ್ಲು ಉರುಳಿಸುವ ಕೆಲಸವಾದರೂ ಸರಿ, ಮೆದಿಚಿಗಳು ನನಗೊಂದು ಕೆಲಸ ಕೊಡಲಾರರೇ? 1514ರ ಜನವರಿಯಲ್ಲಿ ವೆಟ್ಟೊರಿ ಬರೆದ: ಬಂದ ಅಧ್ಯಾಯಗಳನ್ನು ನೋಡಿದೆ, ಬಹಳ ಹಿಡಿಸಿದವು, ಪೂರ್ತಿ ಕೈಸೇರುವವರೆಗೆ ತೀರ್ಪು ಹೇಳಲಾರೆ. ಎಷ್ಟು ನಯವಾದ ಮಾತು! ಕೆಲಸ ಕೊಡಿಸಬಲ್ಲವರಿಂದ ಇಂಥ ಉತ್ತರ ಪಡೆಯದವರು ನಮ್ಮಲ್ಲಿಯೂ ವಿರಳ. ಪುಸ್ತಕದಿಂದ ಕೆಲಸ ದೊರೆಯಲಿಲ್ಲ. ಅದು ಅಚ್ಚಾದದ್ದು 1532ರಲ್ಲಿ. ಕರ್ತೃ ತೀರಿಕೊಂಡು ಐದು ವರ್ಷಗಳಾಗಿದ್ದವು.

ವೆಟ್ಟೊರಿಯನ್ನು ದೂರುವುದು ಸುಲಭ. ಆದರೆ ತನಗೆ ಪೋಪನೊಡನೆ ದಕ್ಕುವುದು ಇಪ್ಪತ್ತು ಮಾತು ಮಾತ್ರವೆಂದು ಅವನು ಮೊದಲೇ ಹೇಳಿರಲಿಲ್ಲವೇ? ಆ ಇಪ್ಪತ್ತರಲ್ಲಿ ಗೆಳೆಯನಿಗಾಗಿ ಎರಡನ್ನು ಆಡಬಹುದಿತ್ತು. ಆಡುವ ಧೈರ್ಯ ಬಂದಂತಿಲ್ಲ. ಇದನ್ನು ಮೆಕಿಯಾವೆಲ್ಲಿ ಅರಿಯದವನಲ್ಲ. ಆದರೂ ಕಾಗದ ನಿಲ್ಲಿಸಲಿಲ್ಲ. ರಾಜರ ಸಂಧಿವಿಗ್ರಹಗಳು, ಹೆಂಗಸರ ಮೋಹ, ಪೋಲಿ ಹರಟೆ, ಎಲ್ಲವೂ ಹೋಗಿ ಬರುತ್ತಲೇ ಇದ್ದವು. 1515ರ ಜನವರಿಯಲ್ಲಿ ಅವನೇ ಬರೆಯುತ್ತಾನೆ: ನಮ್ಮ ಕಾಗದ ನೋಡಿದವರು ಒಮ್ಮೆ ಇವರು ಮಹಾ ಗಂಭೀರರು ಎಂದುಕೊಂಡಾರು, ಹಾಳೆ ತಿರುಗಿಸಿದರೆ ಬರೀ ಚಪಲರು ಎಂದಾರು. ಪ್ರಕೃತಿಯೇ ಬಗೆಬಗೆಯಾಗಿರುವಾಗ ನಾವು ಹಾಗಿದ್ದರೆ ತಪ್ಪೇನು?

ಬಿಡಿಕಾಸಿನ ಜಗಳವನ್ನೂ ಪ್ರಾಚೀನರ ಸಲ್ಲಾಪವನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕಾದರೆ, ಅದನ್ನು ನಗದೆ ಓದುವವನೊಬ್ಬ, ನಗಬೇಕಾದಲ್ಲಿ ನಗುವವನೊಬ್ಬ ಇರಬೇಕು. ವೆಟ್ಟೊರಿ ಕೆಲಸ ಕೊಡಿಸಲಿಲ್ಲ ನಿಜ. ಆ ಓದುಗನಾಗಿ ಮಾತ್ರ ಕೊನೆಯವರೆಗೂ ಇದ್ದ.