ಕಿಟಕಿಯಲ್ಲಿಟ್ಟ ದೀಪ

ನಾನು ಸಿಡ್ನಿಯ ಎಪ್ಪಿಂಗ್‌ನವಳು (ಮೆಲ್ಬರ್ನ್ ಓದುಗರೇ, ನಿಮ್ಮ ಎಪ್ಪಿಂಗ್ ಅಲ್ಲ!). ಈ ಸಲ ನಾನು ಕೊಟ್ಟ ಒಂದು ಸಲಹೆಯ ಬಗ್ಗೆ ಬರೆಯುತ್ತಿದ್ದೇನೆ.

2025ರ ಆಗಸ್ಟ್ 31 ನಿಮಗೆ ನೆನಪಿರಬಹುದು. ವಲಸೆ ಬಂದವರ ವಿರುದ್ಧ ದೊಡ್ಡ ಊರುಗಳಲ್ಲೆಲ್ಲ ಮೆರವಣಿಗೆ ನಡೆದ ಭಾನುವಾರ. ಅದರ ಕರಪತ್ರದಲ್ಲಿ ಭಾರತೀಯರ ಹೆಸರನ್ನೇ ಹಾಕಿದ್ದರು. ಗಣೇಶನ ಹಬ್ಬ ಕಳೆದು ನಾಲ್ಕು ದಿನವಾಗಿತ್ತು. ಪೂಜೆಗೆಂದು ರೈಲಿಗೆ ಹೊರಟಿದ್ದ ನನಗೆ ಅಮ್ಮ, "ಇವತ್ತೊಂದಿನ ಬೊಟ್ಟು ಬೇಡ ಕಣೇ, ಜೀನ್ಸ್ ಹಾಕ್ಕೋ" ಅಂದರು. ಬೊಟ್ಟು ತೆಗೆದು ಕನ್ನಡಿಗೆ ಅಂಟಿಸಿದೆ. ರೈಲಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೂ ದಾರಿಯುದ್ದಕ್ಕೂ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಡಿಸೆಂಬರ್ 14ರ ಸಂಜೆ ಬೊಂಡೈ ಕಡಲತೀರದಲ್ಲಿ ಯಹೂದಿಗಳು ಹನುಕ್ಕಾ ಹಬ್ಬದ ಮೊದಲ ದೀಪಕ್ಕೆ ಸೇರಿದ್ದರು. ಬಂದೂಕು ಹಿಡಿದು ಬಂದ ಇಬ್ಬರು 15 ಜನರನ್ನು ಕೊಂದರು. ಹತ್ತು ವರ್ಷದ ಹುಡುಗಿ ಇದ್ದಳು, ಹಿಟ್ಲರನ ಕಾಲದಲ್ಲಿ ಬದುಕುಳಿದು ಬಂದಿದ್ದ ಅಜ್ಜ ಇದ್ದರು. ಅದಕ್ಕೆ ಒಂದು ವರ್ಷದ ಹಿಂದೆ ಮೆಲ್ಬರ್ನ್‌ನ ರಿಪ್ಪನ್‌ಲೀಯಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಇಟ್ಟಿದ್ದರು.

ನನ್ನ ಕ್ಲಾಸಿನಲ್ಲಿ ಒಬ್ಬಳು ಯಹೂದಿ ಗೆಳತಿ ಇದ್ದಾಳೆ. ಕತ್ತಿನಲ್ಲಿ ಯಾವಾಗಲೂ ಆರು ಮೂಲೆಯ ನಕ್ಷತ್ರದ ಸರ. ಆ ರಾತ್ರಿ ಅವಳಿಗೆ ಮೆಸೇಜ್ ಮಾಡಿದೆ: "ಹುಷಾರಾಗಿದ್ದೀಯಾ? ಸ್ವಲ್ಪ ದಿನ ಆ ಸರ ಒಳಗೆ ಹಾಕ್ಕೋ." ಪ್ರೀತಿಯಿಂದಲೇ ಬರೆದದ್ದು. ಅಮ್ಮನೂ ಪ್ರೀತಿಯಿಂದಲೇ ಹೇಳಿದ್ದರು.

ಎರಡು ದಿನ ಉತ್ತರ ಇಲ್ಲ. ಆಮೇಲೆ ಫೋನ್ ಮಾಡಿದಳು. ಹನುಕ್ಕಾ ದೀಪವನ್ನು ಕಿಟಕಿಯಲ್ಲಿಡುವುದೇ ದಾರಿಹೋಕರಿಗೆ ಕಾಣಲಿ ಅಂತ ಎಂದಳು. ಆ ಸಂಜೆಯ ಕಾರ್ಯಕ್ರಮ ನಡೆಸುತ್ತಿದ್ದ, ಅಲ್ಲೇ ಸತ್ತ ರಬ್ಬಿ ಎಲೈ ಶ್ಲಾಂಗರ್ ಅವರ ಮಾತೂ ಅದೇ ಆಗಿತ್ತಂತೆ: ದ್ವೇಷ ಹೆಚ್ಚಾದರೆ ನಾವು ಇನ್ನೂ ಹೆಚ್ಚು ಯಹೂದಿಗಳಾಗಿ ಬದುಕಬೇಕು, ಹಾಗೇ ಕಾಣಬೇಕು. ಅವರು ಜೈಲಿನಲ್ಲಿರುವವರನ್ನೂ ಹೋಗಿ ಮಾತಾಡಿಸಿ ಬರುತ್ತಿದ್ದವರು.

ಹಾಗಂತ ಅವಳಿಗೆ ಹೆದರಿಕೆ ಇಲ್ಲವೆಂದಲ್ಲ. ಅಪಾಯದ ಕಾಲದಲ್ಲಿ ದೀಪ ಒಳಗೆ ಮೇಜಿನ ಮೇಲಿಟ್ಟರೂ ಸಾಕು ಅಂತ ಅವರ ಟಾಲ್ಮಡ್ ಗ್ರಂಥದಲ್ಲೇ ಇದೆಯಂತೆ. ಎರಡನೇ ರಾತ್ರಿ ಅವಳ ಅಪ್ಪ ಹಾಗೇ ಮಾಡಿದ್ದರು. ಮೂರನೇ ರಾತ್ರಿ ಅವಳೂ ತಮ್ಮನೂ ಸೇರಿ ದೀಪ ಎತ್ತಿ ಮತ್ತೆ ಕಿಟಕಿಗೆ ತಂದರು. ಅಪ್ಪ ಬೇಡ ಅನ್ನಲಿಲ್ಲ.

ಮರುದಿನ ಅವಳು ಜಾಮ್ ತುಂಬಿದ ಡೋನಟ್ ತಂದುಕೊಟ್ಟಳು. ಹನುಕ್ಕಾದಲ್ಲಿ ಎಣ್ಣೆಯಲ್ಲಿ ಕರಿದದ್ದೇ ವಿಶೇಷ, ನಮ್ಮ ಕಜ್ಜಾಯದ ಹಾಗೆ. ನಮ್ಮಲ್ಲಿ ಸೂತಕ ಬಂದರೆ ಹಬ್ಬವೇ ಇಲ್ಲ, ಇವರು ಹೇಗೆ ಸಿಹಿ ಹಂಚುತ್ತಾರೆ ಅಂತ ಅಮ್ಮನಿಗೆ ಆಶ್ಚರ್ಯ. ನಾನು ಅದನ್ನೇ ಕೇಳಿದೆ. ಅಳುತ್ತಲೇ ಕರಿದೆವು, ಸಂತೋಷವೂ ನಮಗೆ ಒಂದು ಕರ್ತವ್ಯ ಅಂದಳು. ಒಂದು ಮಿತ್ಸ್ವಾ, ಅಂದರೆ ಒಳ್ಳೆಯ ಕೆಲಸ, ನೀನೂ ಮಾಡು ಎಂದಳು. ರಕ್ತ ಕೊಡೋಣವೆಂದರೆ 18 ಆಗಿರಬೇಕು, ನನಗೆ 16. ಅಪ್ಪ ಹೋಗಿ ಸರದಿಯಲ್ಲಿ ನಿಂತರು. ಬರಿಗೈಯಲ್ಲಿ ಬಂದೂಕು ಕಿತ್ತುಕೊಂಡ ಅಹ್ಮದ್ ಅಲ್ ಅಹ್ಮದ್ ಸಿರಿಯಾದಿಂದ ಬಂದವರು, ಅಂಗಡಿಯವರು ಅಂತ ನಮ್ಮ ಮನೆಯಲ್ಲಿ ದಿನವೂ ಮಾತು.

ಡಿಸೆಂಬರ್ 21, ಹನುಕ್ಕಾದ ಎಂಟನೇ ದೀಪದ ದಿನ. ಸಂಜೆ 6:47ಕ್ಕೆ ದೇಶವೆಲ್ಲ ಒಂದು ನಿಮಿಷ ಮೌನ. ಅಮ್ಮ ದೀಪಾವಳಿಯ ಹಣತೆ ಹುಡುಕಿ ತಂದು ಕಿಟಕಿಯಲ್ಲಿಟ್ಟರು. ಬೇಸಿಗೆ ಅಲ್ಲವೇ, ಇನ್ನೂ ಬಿಸಿಲು. ಹೊರಗೆ ಹೋಗಿ ನೋಡಿದೆ, ದೀಪ ಕಾಣಲೇ ಇಲ್ಲ. ಕತ್ತಲಾಗುವವರೆಗೂ ಅಮ್ಮ ಎಣ್ಣೆ ಹಾಕುತ್ತಿದ್ದರು.

ಮರುದಿನ ಗೆಳತಿಯ ಮನೆಗೆ ಹೊರಟೆ. ಕನ್ನಡಿಯ ಮೇಲೆ ಆಗಸ್ಟ್‌ನ ಬೊಟ್ಟು ಹಾಗೇ ಇತ್ತು, ಅಂಟು ಒಣಗಿತ್ತು. ಹೊಸದೊಂದು ಇಟ್ಟುಕೊಂಡೆ. ಅಮ್ಮ ಹಣೆ ನೋಡಿದರು. "ತಲುಪಿದ ತಕ್ಷಣ ಮೆಸೇಜ್ ಮಾಡು" ಅಂದರು, ಅಷ್ಟೇ.